ಒಂದನ್ನು ಕರೆದರೆ ಇನ್ನೊಂದು ಓಗೊಡುತ್ತಿದೆಯೇ? ಮನೆಯ ಥರ್ಮೋಸ್ಟಾಟ್‌ಗಳ ಹೆಸರಿನ ಗೊಂದಲ ಬಿಡಿಸುವ ಬಗೆ

ಜನವರಿಯ ಒಂದು ಬೆಳಿಗ್ಗೆ. ಶಿಕಾಗೋ ಹತ್ತಿರದ ನಮ್ಮ ಮನೆಗೆ ಅಪ್ಪ ಅಮ್ಮ ಮೈಸೂರಿನಿಂದ ಬಂದು ಒಂದು ವಾರವಾಗಿತ್ತು. ಹೊರಗೆ ಮೈನಸ್ 18 ಡಿಗ್ರಿ ಸೆಲ್ಸಿಯಸ್. ಅಮ್ಮ ಸ್ವೆಟರ್ ಮೇಲೆ ಶಾಲು, ಶಾಲಿನ ಮೇಲೆ ಕಂಬಳಿ ಹೊದ್ದುಕೊಂಡೇ ಅಡುಗೆಮನೆಗೆ ಇಳಿದು ಬಂದರು. ಅಡುಗೆಮನೆಯಲ್ಲಿ ಮಾತ್ರ ಸೆಖೆ.

"ರಾತ್ರಿ ಫಸ್ಟ್ ಫ್ಲೋರ್‌ಗೆ ಹೀಟ್ ಜಾಸ್ತಿ ಮಾಡು ಅಂತ ಆ ಸ್ಪೀಕರಿಗೆ ಹೇಳಿದೆನಲ್ಲೋ. ಅದೂ ಓಕೆ ಅಂತು" ಎಂದರು ಅಪ್ಪ.

ಆಗ ನನಗೆ ಹೊಳೆಯಿತು. ನಮ್ಮ ಕಡೆ ಫಸ್ಟ್ ಫ್ಲೋರ್ ಅಂದರೆ ಮೆಟ್ಟಿಲು ಹತ್ತಿ ಹೋಗುವ ಮಹಡಿ. ಅಮೆರಿಕದಲ್ಲಿ ಫಸ್ಟ್ ಫ್ಲೋರ್ ಅಂದರೆ ಬಾಗಿಲು ತೆಗೆದು ಒಳಗೆ ಕಾಲಿಟ್ಟ ಕೂಡಲೇ ಸಿಗುವ ನೆಲಮಟ್ಟ. ನಾನು ಥರ್ಮೋಸ್ಟಾಟ್‌ಗೆ, ಅಂದರೆ ಮನೆಯ ಬಿಸಿ ಎಷ್ಟಿರಬೇಕೆಂದು ನಿಯಂತ್ರಿಸುವ ಗೋಡೆಯ ಡಬ್ಬಿಗೆ, ಇಲ್ಲಿನ ಹೆಸರು ಇಟ್ಟಿದ್ದೆ. ಅಪ್ಪ ಮೈಸೂರಿನ ಲೆಕ್ಕದಲ್ಲಿ ಕರೆದರು. ರಾತ್ರಿಯಿಡೀ ಯಾರೂ ಇಲ್ಲದ ಹಾಲ್ ಕಾದಿತು, ಮೇಲೆ ಮಲಗಿದ್ದ ಇಬ್ಬರೂ ನಡುಗಿದರು.

ಮನೆಗೆ ಒಂದೇ ಥರ್ಮೋಸ್ಟಾಟ್ ಇದ್ದರೆ ಹೆಸರಿನ ತಲೆನೋವೇ ಇಲ್ಲ. ಎರಡು, ಮೂರು ಆದಾಗ ತೊಡಕು ಶುರು. ನಮ್ಮಲ್ಲಿ ಮೂರಿವೆ. ಬೇಸ್‌ಮೆಂಟ್‌ನ ಫರ್ನೇಸ್ (ಗಾಳಿ ಬಿಸಿ ಮಾಡುವ ಯಂತ್ರ) ಒಂದು, ಅದರಿಂದ ಬೇಸ್‌ಮೆಂಟ್‌ಗೂ ನೆಲಮಟ್ಟಕ್ಕೂ ಗಾಳಿ ಹೋಗುತ್ತದೆ. ಅಟ್ಟದಲ್ಲಿರುವ ಇನ್ನೊಂದು ಫರ್ನೇಸ್ ಮಲಗುವ ಕೋಣೆಗಳ ಮಹಡಿಗೆ. ಇವನ್ನೆಲ್ಲ ಹೋಮ್ ಅಸಿಸ್ಟೆಂಟ್ ಎಂಬ ಹಬ್‌ಗೆ, ಅಂದರೆ ಮನೆಯ ಸಾಧನಗಳನ್ನು ಒಂದೆಡೆ ಸೇರಿಸುವ ತಂತ್ರಾಂಶಕ್ಕೆ ಜೋಡಿಸಿ, ಅದರ ಮೇಲೆ ಅಲೆಕ್ಸಾ, ಗೂಗಲ್ ಹೋಮ್ ಅಥವಾ ಆಪಲ್ ಹೋಮ್ ಕೂರಿಸಿದವರಿಗೆ ಈ ಕೈಪಿಡಿ. ಬೇರೆ ಹಬ್ ಇದ್ದರೂ ಪತ್ತೆ ಹಚ್ಚುವ ದಾರಿ ಇದೇ.

ಶುರುವಿಗೇ ಒಂದು ಮಾತು. ಥರ್ಮೋಸ್ಟಾಟ್‌ಗೆ ಅದು ನೇತಾಡುವ ಗೋಡೆಯ ಹೆಸರು ಇಡಬೇಡಿ, ಅದು ಬಿಸಿ ಮಾಡುವ ಜಾಗದ ಹೆಸರಿಡಿ. ಅದೂ ಮನೆಯವರ ಬಾಯಲ್ಲಿ ತಾನಾಗಿ ಬರುವ ಹೆಸರು. ನಾನು ಕಂಡ ಗೊಂದಲಗಳಲ್ಲಿ ಹೆಚ್ಚಿನವು ಈ ಎರಡರಲ್ಲಿ ಒಂದು ತಪ್ಪಿದ್ದರಿಂದಲೇ ಆದವು.

ಕೈ ಹಾಕುವ ಮುನ್ನ

ಗ್ಯಾಸ್ ವಾಸನೆ ಬಂದರೆ ಅಥವಾ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೂಗಿದರೆ ಹೆಸರು, ಆಪ್ ಎಲ್ಲ ಬಿಡಿ. ಯಾವ ಸ್ವಿಚ್ಚನ್ನೂ ಮುಟ್ಟದೆ ಎಲ್ಲರನ್ನೂ ಕರೆದುಕೊಂಡು ಹೊರಗೆ ಹೋಗಿ. ಹೊರಗಿನಿಂದ 911ಕ್ಕೆ ಫೋನ್ ಮಾಡಿ. ಗ್ಯಾಸ್ ವಾಸನೆಯಾದರೆ ಗ್ಯಾಸ್ ಕಂಪನಿಯ ತುರ್ತು ನಂಬರಿಗೂ ತಿಳಿಸಿ.

ಚಳಿಗಾಲದಲ್ಲಿ ಪರೀಕ್ಷೆಗೆಂದು ಒಂದು ಥರ್ಮೋಸ್ಟಾಟ್ ಆಫ್ ಮಾಡಿದರೆ, ಮತ್ತೆ ಆನ್ ಮಾಡಲು ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಮನೆ ತೀರಾ ತಣ್ಣಗಾದರೆ ಗೋಡೆಯೊಳಗಿನ ನೀರಿನ ಪೈಪ್ ಹೆಪ್ಪುಗಟ್ಟಿ ಒಡೆಯುತ್ತದೆ. ಊರಿಗೆ ಹೋಗುವಾಗಲೂ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ ಸುಮಾರು 13 ಸೆಲ್ಸಿಯಸ್‌ಗಿಂತ ಕೆಳಗೆ ಇಳಿಸಬಾರದು ಎನ್ನುವುದು ಅದಕ್ಕೇ. ತಪ್ಪು ಹೆಸರಿನಿಂದ ತಪ್ಪು ಮಹಡಿ ಆಫ್ ಆಗಿ ಕೂತರೆ ಆಗುವ ನಿಜವಾದ ನಷ್ಟ ಇದು.

ಎಲ್ಲಕ್ಕೂ ಮೊದಲು: 61, 62, 63

ಯಾವ ಲಕ್ಷಣ ಕಂಡರೂ ಈ ಒಂದು ಪರೀಕ್ಷೆ ಮಾಡಿ. ಖರ್ಚಿಲ್ಲ, ಸ್ಕ್ರೂಡ್ರೈವರ್ ಬೇಡ. ಒಂದು ಹಾಳೆ, ಒಂದು ಪೆನ್ನು ಸಾಕು.

ಆಪ್ ಮುಟ್ಟಬೇಡಿ. ಮನೆಯಲ್ಲಿ ನಡೆದು ಹೋಗಿ, ಪ್ರತಿ ಥರ್ಮೋಸ್ಟಾಟ್‌ನ ಮುಂದೆ ನಿಂತು ಕೈಯಿಂದಲೇ ಬೇರೆ ಬೇರೆ ಅಂಕಿ ಇಡಿ. ಬೇಸ್‌ಮೆಂಟ್‌ಗೆ 61, ನೆಲಮಟ್ಟಕ್ಕೆ 62, ಮಹಡಿಗೆ 63, ಎಲ್ಲ ಫ್ಯಾರನ್‌ಹೀಟ್‌ನಲ್ಲಿ. ಚಳಿಗಾಲದಲ್ಲಿ ಈ ಅಂಕಿಗಳು ಕೋಣೆಯ ಬಿಸಿಗಿಂತ ಕಡಿಮೆ ಇರುವುದರಿಂದ ಫರ್ನೇಸ್ ಸುಮ್ನೆ ಹೊತ್ತಿಕೊಳ್ಳುವುದಿಲ್ಲ. ಬೇಸಿಗೆಯಲ್ಲಿ ಕೂಲ್ ಮೋಡ್ ಇದ್ದರೆ 81, 82, 83 ಇಡಿ. ಹಾಳೆಯ ಮೇಲೆ ಯಾವ ಗೋಡೆಗೆ ಯಾವ ಅಂಕಿ ಎಂದು ಬರೆದುಕೊಳ್ಳಿ. ಎರಡು ಮೂರು ನಿಮಿಷ ಕಾಯಿರಿ, ಕ್ಲೌಡ್ ಮೂಲಕ ಬರುವ ಸುದ್ದಿ ಸ್ವಲ್ಪ ತಡವಾಗುತ್ತದೆ.

ಈಗ ಮೂರು ಕಡೆ ನೋಡಿ: ಥರ್ಮೋಸ್ಟಾಟ್ ಕಂಪನಿಯ ಆಪ್, ನಿಮ್ಮ ಹಬ್, ಮಾತು ಕೇಳುವ ಸ್ಪೀಕರಿನ ಆಪ್. ಯಾವ ಹೆಸರಿನ ಎದುರು ಯಾವ ಅಂಕಿ ಬಂದಿದೆ?

ಮೂರೂ ಕಡೆ ಹೆಸರು ಮತ್ತು ಅಂಕಿ ಹಾಳೆಗೆ ಸರಿಹೊಂದಿದರೆ ಹೆಸರುಗಳು ಸರಿಯಾದ ಡಬ್ಬಿಗೇ ಅಂಟಿವೆ. ತೊಂದರೆ ಒಂದೋ ಮಾತು ಕೇಳಿಸಿಕೊಳ್ಳುವಲ್ಲಿ, ಇಲ್ಲವೇ ವೈರಿನಲ್ಲಿ. ಕಂಪನಿಯ ಆಪ್‌ನಲ್ಲಿ ಸರಿ, ಹಬ್‌ನಲ್ಲಿ ಅದಲುಬದಲಾಗಿದ್ದರೆ ಹಬ್‌ಗೆ ಸೇರಿಸುವಾಗ ಎಡವಟ್ಟಾಗಿದೆ. ಒಂದೇ ಅಂಕಿ ಎರಡು ಹೆಸರಿನ ಎದುರು ಕಂಡರೆ ಒಂದೇ ಡಬ್ಬಿ ಎರಡು ದಾರಿಯಿಂದ ಒಳಗೆ ಬಂದಿದೆ. ನೀವು ಇಟ್ಟ ಯಾವ ಅಂಕಿಯೂ ಇಲ್ಲದ ಒಂದು ಹೆಸರು ಉಳಿದಿದ್ದರೆ ಅದು ಹಳೆಯದು, ಜೀವ ಇಲ್ಲದ್ದು.

ಪರೀಕ್ಷೆ ಮುಗಿದ ಮೇಲೆ ಅಂಕಿಗಳನ್ನು ಮೊದಲಿನ ಹಾಗೆ ಇಡಿ. ಅಥವಾ ಕೆಳಗಿನ ಭಾಗಗಳನ್ನು ಓದಿ ಮುಗಿಸುವ ತನಕ ಹಾಗೇ ಬಿಟ್ಟಿರಿ, ಮತ್ತೆ ಬೇಕಾಗಬಹುದು.

ಲಕ್ಷಣ: ಬಾಯಿಯಲ್ಲಿ ಹೇಳಿದ್ದು ಒಂದು, ಬಿಸಿಯಾದದ್ದು ಇನ್ನೊಂದು

ಮೊದಲು ಸ್ಪೀಕರ್ ಏನು ಕೇಳಿಸಿಕೊಂಡಿತು ಅಂತ ನೋಡಿ. ಅಲೆಕ್ಸಾ ಆಪ್‌ನಲ್ಲಿ ವಾಯ್ಸ್ ಹಿಸ್ಟರಿ ಇದೆ, ಗೂಗಲ್‌ನಲ್ಲಿ ಮೈ ಆಕ್ಟಿವಿಟಿ ಇದೆ. ನೀವು ಹೇಳಿದ ಮಾತು ಅಲ್ಲಿ ಅಕ್ಷರವಾಗಿ ಕಾಣುತ್ತದೆ. ಇಲ್ಲಿಂದ ದಾರಿ ಎರಡಾಗುತ್ತದೆ.

ತಪ್ಪು ಕೇಳಿಸಿಕೊಂಡಿದ್ದರೆ ಹೆಸರಿನ ಸದ್ದಿನಲ್ಲೇ ತೊಂದರೆ. ಅಪ್‌ಸ್ಟೇರ್ಸ್, ಡೌನ್‌ಸ್ಟೇರ್ಸ್ ಎರಡರ ಬಾಲ ಒಂದೇ. ಮಿಕ್ಸಿ ಓಡುವಾಗ, ಟಿವಿ ಹಾಕಿರುವಾಗ ಮೊದಲ ಉಚ್ಚಾರ ಮುಳುಗಿ ಹೋದರೆ ಯಂತ್ರಕ್ಕೆ ಉಳಿಯುವುದು ಬಾಲ ಮಾತ್ರ. ಬೆಡ್‌ರೂಮ್ ಒನ್, ಬೆಡ್‌ರೂಮ್ ಟೂ ಕತೆಯೂ ಅದೇ. ಹೆಸರುಗಳು ಮೊದಲ ಅಕ್ಷರದಿಂದಲೇ ಬೇರೆ ಬೇರೆ ಕೇಳಬೇಕು, ಉದ್ದವೂ ಬೇರೆ ಇದ್ದರೆ ಇನ್ನೂ ಒಳ್ಳೆಯದು. ಈಗ ನಮ್ಮ ಮನೆಯಲ್ಲಿ ಬೇಸ್‌ಮೆಂಟ್, ಕಿಚನ್ ಲೆವೆಲ್, ಅಪ್‌ಸ್ಟೇರ್ಸ್ ಅಂತ ಇಟ್ಟಿದ್ದೇನೆ. ಮೂರರಲ್ಲಿ ಯಾವ ಎರಡೂ ಒಂದರ ಹಾಗೆ ಇನ್ನೊಂದು ಕೇಳುವುದಿಲ್ಲ. ಫಸ್ಟ್, ಸೆಕೆಂಡ್ ಎನ್ನುವ ಪದಗಳನ್ನು ತೆಗೆದೇ ಹಾಕಿದೆ. ಭಾರತದಿಂದ ತಂದೆತಾಯಿ ಬಂದು ಉಳಿಯುವ ಮನೆಗಳಲ್ಲಿ ಮಹಡಿಗೆ ನಂಬರ್ ಬೇಡವೇ ಬೇಡ. ಎರಡು ದೇಶದ ಎಣಿಕೆ ಒಂದೇ ಮೆಟ್ಟಿಲ ಮೇಲೆ ಡಿಕ್ಕಿ ಹೊಡೆಯುತ್ತದೆ.

ಕನ್ನಡದ ಹೆಸರು ಇಡಬೇಕು ಎಂದು ನನಗೂ ಆಸೆ ಇತ್ತು. ಅತಿಥಿ ಕೋಣೆಗೆ 'ಅಮ್ಮನ ರೂಮ್' ಅಂತ ಇಟ್ಟೆ. ಇಂಗ್ಲಿಷ್‌ಗೆ ಹೊಂದಿಸಿದ ಸ್ಪೀಕರ್ ಅದನ್ನು ಯಾವುದೋ ಅಮಾಂಡಾಳ ರೂಮ್ ಎಂದು ಬರೆದುಕೊಂಡಿತ್ತು. ಆದರೆ ಆಸೆ ಬಿಡಬೇಕಾಗಿಲ್ಲ. ಪರದೆಯ ಮೇಲೆ ಕಾಣುವ ಹೆಸರನ್ನು ಚೆಂದವಾಗಿ ಕನ್ನಡ ಲಿಪಿಯಲ್ಲೇ ಇಡಿ, ಅಪ್ಪ ಅಮ್ಮ ಟ್ಯಾಬ್ಲೆಟ್‌ನಲ್ಲಿ ಓದಿ ಒತ್ತುತ್ತಾರೆ. ಬಾಯಿಂದ ಕರೆಯಲು ಮಾತ್ರ ಬೇರೆ ಹೆಸರು ಕೊಡಿ. ಹೋಮ್ ಅಸಿಸ್ಟೆಂಟ್‌ನ ಸ್ವಂತ ಧ್ವನಿ ಸಹಾಯಕ ಬಳಸುವವರಿಗೆ ಅಲಿಯಾಸ್ ಎನ್ನುವ ಜಾಗವೇ ಇದೆ, ಒಂದೇ ಥರ್ಮೋಸ್ಟಾಟ್‌ಗೆ ನಾಲ್ಕು ಅಡ್ಡಹೆಸರು ಬೇಕಾದರೂ ಬರೆಯಬಹುದು. ಅಲೆಕ್ಸಾ ಬಳಸುವವರು ಅದರ ಆಪ್‌ನಲ್ಲೇ ಹೆಸರು ಬೇರೆ ಇಟ್ಟುಕೊಳ್ಳಬಹುದು. ಒಂದು ಎಚ್ಚರ: ಕನ್ನಡ ಲಿಪಿಯ ಹೆಸರಿನಿಂದ ಹೊಸ ಎಂಟಿಟಿ ಐಡಿ (ಹಬ್ ಒಳಗೊಳಗೇ ಬಳಸುವ ಗುರುತಿನ ಹೆಸರು) ಹುಟ್ಟಿದರೆ ಅದು ಇಂಗ್ಲಿಷ್ ಅಕ್ಷರಗಳ ವಿಚಿತ್ರ ಕಾಗುಣಿತವಾಗಿ ಬರುತ್ತದೆ. ಐಡಿಯನ್ನು ಮೊದಲು ಇಂಗ್ಲಿಷ್‌ನಲ್ಲಿ ಸರಿಮಾಡಿ, ಆಮೇಲೆ ಕನ್ನಡ ಹೆಸರು ಇಡಿ.

ಸರಿಯಾಗಿಯೇ ಕೇಳಿಸಿಕೊಂಡು ತಪ್ಪು ಕಡೆ ಹೋಗಿದ್ದರೆ, 61-62-63ರ ಹಾಳೆ ತೆಗೆದು ಸ್ಪೀಕರಿನ ಆಪ್ ಜೊತೆ ಹೋಲಿಸಿ. ಅಲ್ಲಿ ಹೆಸರು ಅದಲುಬದಲಾಗಿದ್ದರೆ ತಿದ್ದಿ. ತಿದ್ದುವಾಗ ನೆನಪಿರಲಿ, ಎರಡು ಡಬ್ಬಿಗಳ ಹೆಸರು ಅದಲುಬದಲು ಮಾಡಬೇಕಾದರೆ ಮೊದಲನೆಯದಕ್ಕೆ ಒಂದು ತಾತ್ಕಾಲಿಕ ಹೆಸರು ಕೊಟ್ಟು ಪಕ್ಕಕ್ಕಿಡಿ. ಎರಡು ಲೋಟದ ಹಾಲು ಮಜ್ಜಿಗೆ ಅದಲುಬದಲು ಮಾಡಲು ಮೂರನೇ ಲೋಟ ಬೇಕಲ್ವಾ, ಹಾಗೆ.

ಲಕ್ಷಣ: "ಯಾವುದು?" ಎಂದು ಪ್ರತಿ ಸಲ ಕೇಳುತ್ತದೆ, ಅಥವಾ ಎರಡೂ ಒಟ್ಟಿಗೆ ಬದಲಾಗುತ್ತವೆ

ಇದು ಹೆಚ್ಚಾಗಿ ಗುಂಪಿನ ತೊಂದರೆ. ಒಂದು ಕೋಣೆಗೂ ಅದರಲ್ಲಿರುವ ಥರ್ಮೋಸ್ಟಾಟ್‌ಗೂ ಒಂದೇ ಹೆಸರಿದ್ದರೆ ಸ್ಪೀಕರಿಗೆ ಗೊಂದಲ. ಕೋಣೆಯ ಹೆಸರು ಲಿವಿಂಗ್ ರೂಮ್, ಒಳಗಿನ ದೀಪ ಲಿವಿಂಗ್ ರೂಮ್, ಥರ್ಮೋಸ್ಟಾಟ್ ಕೂಡ ಲಿವಿಂಗ್ ರೂಮ್. ಬೀದಿಯಲ್ಲಿ ನಿಂತು 'ರಾಜು' ಅಂತ ಕೂಗಿದರೆ ಮೂರು ಕಿಟಕಿ ತೆರೆದ ಹಾಗೆ.

ಥರ್ಮೋಸ್ಟಾಟ್‌ಗೆ ಕೋಣೆಯ ಹೆಸರಿನ ಕೊನೆಗೆ ಹೀಟ್ ಅಥವಾ ಥರ್ಮೋಸ್ಟಾಟ್ ಎಂದು ಸೇರಿಸಿ. ಮೊದಲು ಈ ಒಂದನ್ನೇ ಮಾಡಿ ನೋಡಿ, ಬಹಳ ಸಲ ಇಷ್ಟಕ್ಕೇ ಸರಿಹೋಗುತ್ತದೆ. ಆಮೇಲೆ ಸ್ಪೀಕರನ್ನೂ ಆ ಮಹಡಿಯ ಥರ್ಮೋಸ್ಟಾಟನ್ನೂ ಒಂದೇ ಗುಂಪಿಗೆ ಹಾಕಿ. ಆಗ ಮೇಲಿನ ಕೋಣೆಯಲ್ಲಿ ಕೂತು ಬರೀ "70 ಮಾಡು" ಎಂದರೂ ಮೇಲಿನದೇ ಓಗೊಡುತ್ತದೆ. ಹೆಸರು ಹೇಳುವ ಕೆಲಸವೇ ತಪ್ಪುತ್ತದೆ. ವಯಸ್ಸಾದವರಿಗೆ ನಾನು ಹೇಳಿಕೊಡುವ ದಾರಿ ಇದು.

ಲಕ್ಷಣ: ಗೋಡೆಯಲ್ಲಿ ಮೂರು, ಪರದೆಯಲ್ಲಿ ಐದು

ಹೋಮ್ ಅಸಿಸ್ಟೆಂಟ್‌ನಲ್ಲಿ ಪ್ರತಿ ಥರ್ಮೋಸ್ಟಾಟ್ ಒಂದು ಕ್ಲೈಮೇಟ್ ಎಂಟಿಟಿ. ಅದಕ್ಕೆ ಐಡಿ ಇರುತ್ತದೆ, ಕ್ಲೈಮೇಟ್ ಡಾಟ್ ಅಪ್‌ಸ್ಟೇರ್ಸ್ ಎಂಬಂತೆ. ಅದೇ ಹೆಸರಿನ ಇನ್ನೊಂದು ಬಂದರೆ ಹಿಂದೆ ಅಂಡರ್‌ಸ್ಕೋರ್ 2 ಅಂಟಿಕೊಳ್ಳುತ್ತದೆ. ಆ ಬಾಲ ಕಂಡರೆ ಎರಡು ಅರ್ಥ.

ಒಂದು, ಒಂದೇ ಡಬ್ಬಿ ಎರಡು ದಾರಿಯಿಂದ ಬಂದಿದೆ. ಕಂಪನಿಯ ಕ್ಲೌಡ್ ಮೂಲಕ ಒಮ್ಮೆ ಸೇರಿಸಿದ್ದೀರಿ, ಆಮೇಲೆ ಮ್ಯಾಟರ್ ಅಥವಾ ಹೋಮ್‌ಕಿಟ್ ಎಂಬ ಸಂಪರ್ಕ ಪದ್ಧತಿಯ ಮೂಲಕ ಮನೆಯೊಳಗಿನ ನೇರ ದಾರಿಯಲ್ಲೂ ಸೇರಿಸಿದ್ದೀರಿ. ಗೋಡೆಯಲ್ಲಿ ಅಂಕಿ ಬದಲಿಸಿದಾಗ ಎರಡೂ ಬದಲಾದರೆ ಇದೇ ಕಾರಣ. ಹಾಗೆಂದು ಒಂದನ್ನು ಅಳಿಸಲು ಓಡಬೇಡಿ. ನೇರ ದಾರಿಯದು ಇಂಟರ್ನೆಟ್ ಹೋದಾಗಲೂ ಕೆಲಸ ಮಾಡುತ್ತದೆ, ಕ್ಲೌಡ್‌ನದು ಕೆಲವು ಹೆಚ್ಚಿನ ಸೌಲಭ್ಯ ಕೊಡಬಹುದು. ಯಾವುದು ಮುಖ್ಯ ಎಂದು ತೀರ್ಮಾನಿಸಿ. ನನ್ನ ಮಟ್ಟಿಗೆ ನೇರ ದಾರಿಯದ್ದೇ ಮುಖ್ಯ, ಚಳಿಯಲ್ಲಿ ಇಂಟರ್ನೆಟ್ ನಂಬಿ ಕೂರಬಾರದು. ಇನ್ನೊಂದನ್ನು ನಿಷ್ಕ್ರಿಯ ಮಾಡಿ, ಅಥವಾ ಕಡೇಪಕ್ಷ ಸ್ಪೀಕರಿಗೆ ಕಾಣದ ಹಾಗೆ ಮರೆಮಾಡಿ.

ಎರಡು, ಹಳೆಯ ಥರ್ಮೋಸ್ಟಾಟ್ ತೆಗೆದು ಹೊಸದು ಹಾಕಿದ್ದೀರಿ, ಹಳೆಯದರ ಹೆಸರು ಇನ್ನೂ ಒಳಗಿದೆ. ಇಲ್ಲಿ ಕ್ರಮ ಮುಖ್ಯ. ಮೊದಲು ಹಳೆಯದನ್ನು ಅಳಿಸಿ, ಆಮೇಲೆ ಹೊಸದರ ಐಡಿಯನ್ನು ಹಳೆಯ ಐಡಿಗೆ ಬದಲಿಸಿ. ಆ ಐಡಿಯನ್ನು ನಂಬಿದ್ದ ಆಟೋಮೇಷನ್‌ಗಳೆಲ್ಲ (ತಾವಾಗಿ ನಡೆಯಲೆಂದು ಬರೆದಿಟ್ಟ ಆದೇಶಗಳು) ಹಾಗೇ ಎದ್ದು ನಡೆಯುತ್ತವೆ.

ಲಕ್ಷಣ: ಹೆಸರು ಸರಿ, ಅಂಕಿ ಸರಿ, ಗಾಳಿ ಬರುವುದು ಬೇರೆ ಕಡೆ

ಇದರ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಇಲ್ಲಿ ಆಪ್‌ನಲ್ಲಿ ಎಷ್ಟು ತಿದ್ದಿದರೂ ಫಲ ಇಲ್ಲ, ಆದರೂ ಜನ ಹೆಸರನ್ನೇ ತಿದ್ದುತ್ತಾ ಕೂರುತ್ತಾರೆ. ಆಮೇಲೊಮ್ಮೆ ವೈರ್ ಬಿಚ್ಚಿ ಮತ್ತೆ ಕೂರಿಸಿದ ಮೇಲೆ ನಾನೂ ಎರಡು ಸಂಜೆ ಹಾಗೆ ಕಳೆದೆ.

ಒಂದೇ ಫರ್ನೇಸ್ ಎರಡು ಜಾಗಕ್ಕೆ ಗಾಳಿ ಕೊಡುವಾಗ ನಡುವೆ ಝೋನ್ ಬೋರ್ಡ್ ಎಂಬ ಪೆಟ್ಟಿಗೆ ಇರುತ್ತದೆ. ಗೋಡೆಯ ಥರ್ಮೋಸ್ಟಾಟ್‌ಗಳ ವೈರ್ ಬಂದು ಅದರಲ್ಲಿ ಕೂರುತ್ತದೆ. ಅದು ಗಾಳಿ ಕೊಳವೆಯೊಳಗಿನ ತಗಡಿನ ಬಾಗಿಲುಗಳನ್ನು, ಅಂದರೆ ಡ್ಯಾಂಪರ್‌ಗಳನ್ನು, ತೆಗೆದು ಮುಚ್ಚುತ್ತದೆ. ಯಾರೋ ವೈರ್ ಕೂರಿಸುವಾಗ ಒಂದನೇ ಝೋನಿನದ್ದನ್ನು ಎರಡಕ್ಕೆ ಹಾಕಿದ್ದರೆ, ಬೇಸ್‌ಮೆಂಟ್ ಕೇಳಿದ ಬಿಸಿ ನೆಲಮಟ್ಟಕ್ಕೆ ಹೋಗುತ್ತದೆ.

ಇದಕ್ಕೊಂದು ವಿಚಿತ್ರ ಗುರುತಿದೆ. ನೆಲಮಟ್ಟ ತಣ್ಣಗಿದೆ, ಅದರ ಥರ್ಮೋಸ್ಟಾಟ್ ಬಿಸಿ ಕೇಳುತ್ತದೆ. ಬಿಸಿ ಬೇಸ್‌ಮೆಂಟ್‌ಗೆ ಹೋಗುತ್ತದೆ. ನೆಲಮಟ್ಟದ ಅಂಕಿ ಏರುವುದೇ ಇಲ್ಲ, ಹಾಗಾಗಿ ಅದು ಕೇಳುತ್ತಲೇ ಇರುತ್ತದೆ. ಬೇಸ್‌ಮೆಂಟ್ 80 ದಾಟುತ್ತದೆ. ಫರ್ನೇಸ್ ನಿಲ್ಲದೆ ಓಡುತ್ತದೆ, ಒಂದು ಮಹಡಿ ಬಿಸಿಯಾಗುತ್ತಲೇ ಹೋಗುತ್ತದೆ, ಇನ್ನೊಂದು ತಣ್ಣಗೇ ಇರುತ್ತದೆ ಅಂದರೆ ಅನುಮಾನ ಮೊದಲು ವೈರಿನ ಮೇಲೆ, ಆಮೇಲೆ ಸಿಕ್ಕಿಕೊಂಡ ಡ್ಯಾಂಪರ್ ಮೇಲೆ.

ಪರೀಕ್ಷೆ ಹೀಗೆ. ಎಲ್ಲ ಥರ್ಮೋಸ್ಟಾಟ್ ಆಫ್ ಮಾಡಿ. ಐದು ನಿಮಿಷ ಬಿಡಿ. ಒಂದನ್ನು ಮಾತ್ರ ಹೀಟ್‌ಗೆ ಹಾಕಿ ಕೋಣೆಯ ಬಿಸಿಗಿಂತ ಐದು ಡಿಗ್ರಿ ಜಾಸ್ತಿ ಇಡಿ. ಫರ್ನೇಸ್ ಹೊತ್ತಿಕೊಂಡು ಫ್ಯಾನ್ ತಿರುಗಲು ಒಂದೆರಡು ನಿಮಿಷ ಬೇಕು. ಆಮೇಲೆ ಪ್ರತಿ ಮಹಡಿಯಲ್ಲಿ ಎರಡೆರಡು ವೆಂಟ್ (ಗಾಳಿ ಬರುವ ಕಿಂಡಿ) ಮುಂದೆ ಟಿಶ್ಯೂ ಪೇಪರಿನ ಒಂದು ಚೂರು ಹಿಡಿಯಿರಿ. ಕೈಗಿಂತ ಅದು ನಿಖರ. ಅಂದು ನಮ್ಮ ಬೇಸ್‌ಮೆಂಟ್‌ನಲ್ಲಿ ಹಿಡಿದ ಚೂರು ವೆಂಟ್ ಮೇಲೆ ಪಟಪಟನೆ ಎದ್ದು ನಿಂತಿತು, ನೆಲಮಟ್ಟದಲ್ಲಿ ಹಿಡಿದದ್ದು ಸುಮ್ನೆ ಜೋತುಬಿದ್ದಿತ್ತು. ನಾನು ಆನ್ ಮಾಡಿದ್ದು ನೆಲಮಟ್ಟದ್ದನ್ನು. ಎರಡು ಸಂಜೆ ಆಪ್‌ನಲ್ಲಿ ಹುಡುಕಿದ ಉತ್ತರ ಆ ಕಾಗದದ ಚೂರಿನಲ್ಲಿತ್ತು.

ಈ ಪರೀಕ್ಷೆಯನ್ನು ಚಳಿಗಾಲದಲ್ಲಿ ಹೀಟ್‌ನಿಂದ, ಬೇಸಿಗೆಯಲ್ಲಿ ಕೂಲ್‌ನಿಂದ ಮಾಡಿ. ಹೊರಗೆ 60 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆ ಇರುವಾಗ ಎಸಿ ಓಡಿಸಿದರೆ ಕಂಪ್ರೆಸರ್ ಹಾಳಾಗುವ ಅಪಾಯ ಇದೆ. ಕೂಲ್‌ನಲ್ಲಿ ಪರೀಕ್ಷಿಸುವಾಗ ಆನ್-ಆಫ್ ಬೇಗ ಬೇಗ ಮಾಡಬೇಡಿ. ಕಂಪ್ರೆಸರ್ ಉಳಿಸಲು ಥರ್ಮೋಸ್ಟಾಟ್ ತಾನೇ ಸುಮಾರು ಐದು ನಿಮಿಷ ಕಾಯಿಸುತ್ತದೆ. ಅದನ್ನು ನೋಡಿ ಹೆಸರು ತಪ್ಪಿದೆ ಎಂದುಕೊಳ್ಳಬೇಡಿ.

ಉತ್ತರ ಸಿಕ್ಕಿತು. ಈಗ ಏನು ಮಾಡಬೇಕು? ನೆಲಮಟ್ಟದ್ದಕ್ಕೂ ಬೇಸ್‌ಮೆಂಟ್‌ನದ್ದಕ್ಕೂ ಬರೀ ಹೆಸರು ಅದಲುಬದಲು ಮಾಡಿ ಮುಚ್ಚಿಹಾಕುವ ಆಸೆ ಬರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಥರ್ಮೋಸ್ಟಾಟ್ ತಾನಿರುವ ಜಾಗದ ಬಿಸಿಯನ್ನು ಅಳೆಯುತ್ತದೆ, ಹೆಸರು ಬದಲಿಸಿದರೆ ಅಳತೆಯ ಜಾಗ ಬದಲಾಗುವುದಿಲ್ಲ. ವೈರನ್ನೇ ಸರಿಮಾಡಬೇಕು.

ನೋಡುವ ತನಕ ನೀವೇ ಹೋಗಬಹುದು. ಫರ್ನೇಸ್ ಪಕ್ಕದಲ್ಲಿ ದೀಪದ ಸ್ವಿಚ್ಚಿನಂತೆ ಕಾಣುವ ಒಂದು ಸ್ವಿಚ್ ಇರುತ್ತದೆ, ಅದನ್ನು ಆಫ್ ಮಾಡಿ. ಬ್ರೇಕರ್ ಕೂಡ ಆಫ್ ಮಾಡಿ. ಝೋನ್ ಬೋರ್ಡಿನ ಮುಚ್ಚಳ ತೆಗೆದು ಒಂದು ಫೋಟೋ ತೆಗೆಯಿರಿ. ಯಾವ ವೈರ್ ಯಾವ ಝೋನಿನಲ್ಲಿದೆ, ಪಕ್ಕದಲ್ಲಿ ಏನು ಬರೆದಿದೆ ನೋಡಿ. ಥರ್ಮೋಸ್ಟಾಟ್‌ನ ವೈರ್ ಸಾಮಾನ್ಯವಾಗಿ 24 ವೋಲ್ಟ್‌ನದು, ಮೈಗೆ ಅಂಥ ಅಪಾಯ ಇಲ್ಲ. ಆದರೆ ಕರೆಂಟ್ ಇರುವಾಗ ಆರ್ (ಕರೆಂಟ್ ತರುವ) ಮತ್ತು ಸಿ (ಕರೆಂಟ್ ಹಿಂದಿರುಗುವ) ವೈರ್ ಒಂದಕ್ಕೊಂದು ತಾಗಿದರೆ ಫರ್ನೇಸ್ ಬೋರ್ಡಿನ ಫ್ಯೂಸ್ ಹೋಗುತ್ತದೆ. ಕಾರಿನಲ್ಲಿರುವಂಥ ಬಣ್ಣದ ಪುಟ್ಟ ಫ್ಯೂಸ್ ಅದು, ಹೆಚ್ಚಾಗಿ 3 ಅಥವಾ 5 ಆಂಪಿಯರ್‌ನದು. ವೈರ್ ಮುಟ್ಟಿದ ಮೇಲೆ ಥರ್ಮೋಸ್ಟಾಟ್ ಪರದೆ ಕಪ್ಪಾದರೆ ಮೊದಲು ಅದನ್ನು ನೋಡಿ.

ಗೋಡೆಯ ಥರ್ಮೋಸ್ಟಾಟ್ ಹಿಂದೆ ಸಣ್ಣ ಬಣ್ಣದ ವೈರುಗಳ ಬದಲು ಬಿರುಸಾದ ದಪ್ಪ ವೈರುಗಳು, ಪ್ಲಾಸ್ಟಿಕ್ ಟೋಪಿ ತಿರುಗಿಸಿ ಮುಚ್ಚಿದ ಜೋಡಣೆ ಕಂಡರೆ ಅಲ್ಲಿಗೇ ನಿಲ್ಲಿಸಿ. ಅದು 120 ಅಥವಾ 240 ವೋಲ್ಟ್‌ನ ಲೈನು, ಗೋಡೆ ಬುಡದ ವಿದ್ಯುತ್ ಹೀಟರಿಗೆ ಹೋಗುವುದು. ಎಲೆಕ್ಟ್ರಿಷಿಯನ್ ಕರೆಸಿ.

ಲಕ್ಷಣ: ಹೆಸರು ಬದಲಿಸಿದ ಮಾರನೇ ದಿನ ಆಟೋಮೇಷನ್ ಮೌನ

ಹೋಮ್ ಅಸಿಸ್ಟೆಂಟ್‌ನಲ್ಲಿ ಒಂದು ಥರ್ಮೋಸ್ಟಾಟ್‌ಗೆ ಎರಡು ಹೆಸರು. ಕಾಣುವ ಹೆಸರು, ಮತ್ತು ಐಡಿ. ಕಾಣುವ ಹೆಸರನ್ನು ದಿನಕ್ಕೆ ಮೂರು ಸಲ ಬದಲಿಸಿದರೂ ಆಟೋಮೇಷನ್‌ಗೆ ಏನೂ ಆಗುವುದಿಲ್ಲ. ಐಡಿ ಬದಲಿಸಿದರೆ ಅದನ್ನು ಹೆಸರಿಸಿ ಬರೆದ ಆಟೋಮೇಷನ್‌ಗಳು ಹಳೆಯ ಐಡಿಯನ್ನೇ ಹುಡುಕುತ್ತಾ ನಿಲ್ಲುತ್ತವೆ. ಡ್ಯಾಶ್‌ಬೋರ್ಡ್ ಕಾರ್ಡಿನಲ್ಲಿ ಎಂಟಿಟಿ ಸಿಗುತ್ತಿಲ್ಲ ಎಂಬ ಸಂದೇಶ ಕಂಡರೆ ಇದೇ.

ಐಡಿ ಮುಟ್ಟುವ ಮುನ್ನ ಬ್ಯಾಕಪ್ ತೆಗೆಯಿರಿ. ಎಂಟಿಟಿಯ ರಿಲೇಟೆಡ್ ಪಟ್ಟಿ ತೆರೆದು ಯಾವ ಆಟೋಮೇಷನ್, ಯಾವ ಸೀನ್ ಅದನ್ನು ಬಳಸುತ್ತಿದೆ ನೋಡಿ, ಬರೆದುಕೊಳ್ಳಿ. ಬದಲಿಸಿದ ಮೇಲೆ ಒಂದೊಂದನ್ನೂ ತೆರೆದು ಹೊಸ ಐಡಿ ಕೊಡಿ, ಕೈಯಾರೆ ಓಡಿಸಿ ನೋಡಿ. ಸ್ಪೀಕರ್ ಹಳೆಯ ಹೆಸರನ್ನೇ ಹಿಡಿದು ಕೂತಿದ್ದರೆ ಗೂಗಲ್‌ಗೆ "ಸಿಂಕ್ ಮೈ ಡಿವೈಸಸ್" ಎನ್ನಿ. ಅಲೆಕ್ಸಾದಲ್ಲಿ ಹಳೆಯದನ್ನು ತೆಗೆದು ಮತ್ತೆ ಹುಡುಕಿಸಿ.

ಈ ಐಡಿ ಬದಲಿಸುವ ಕೆಲಸವನ್ನು ಚಳಿ ಜೋರಾಗಿರುವ ರಾತ್ರಿ ಇಟ್ಟುಕೊಳ್ಳಬೇಡಿ. ಬೆಳಿಗ್ಗೆ ಮಾಡಿ, ಇಡೀ ದಿನ ಕಣ್ಣಿಟ್ಟು ನೋಡಲು ಸಮಯ ಸಿಗುತ್ತದೆ.

ಲಕ್ಷಣ: ಪರದೆಯ ಬಿಸಿ ಅಂಕಿ ಕೋಣೆಗೆ ಹೊಂದುವುದಿಲ್ಲ

ಕೆಲವು ಥರ್ಮೋಸ್ಟಾಟ್‌ಗಳ ಜೊತೆ ದೂರದ ಕೋಣೆಯಲ್ಲಿಡುವ ಸಣ್ಣ ಸೆನ್ಸರ್ ಬರುತ್ತದೆ. ಅದಕ್ಕೂ ಒಂದು ಹೆಸರು. ಥರ್ಮೋಸ್ಟಾಟ್ ಹಾಲ್‌ವೇ, ಸೆನ್ಸರ್ ಕೂಡ ಹಾಲ್‌ವೇ ಆಗಿದ್ದರೆ ಯಾವ ಅಂಕಿ ಯಾರದು ಎಂದು ತಿಳಿಯದು. ಸೆನ್ಸರನ್ನು ಒಂದು ನಿಮಿಷ ಅಂಗೈಯಲ್ಲಿ ಮುಚ್ಚಿ ಹಿಡಿಯಿರಿ. ಯಾವ ಹೆಸರಿನ ಅಂಕಿ ಏರಿತೋ ಅದೇ ಅದು. ಹೆಸರಿನ ಕೊನೆಗೆ ಸೆನ್ಸರ್ ಎಂದು ಸೇರಿಸಿ ಮುಗಿಸಿ. ಬರೀ ಹೆಸರಿನ ತೊಂದರೆ ಅಲ್ಲದಿದ್ದರೆ, ಥರ್ಮೋಸ್ಟಾಟ್ ಈಗ ಯಾವ ಸೆನ್ಸರನ್ನು ನಂಬಿ ಓಡುತ್ತಿದೆ ಎಂದು ಕಂಪನಿಯ ಆಪ್‌ನಲ್ಲಿ ನೋಡಿ.

ಲಕ್ಷಣ: ಇಟ್ಟ ಅಂಕಿ ಸ್ವಲ್ಪ ಹೊತ್ತಿಗೆ ತಾನೇ ಬದಲಾಗುತ್ತದೆ

ಹೆಸರು ತಪ್ಪಿ ಬೇರೆ ಆಟೋಮೇಷನ್ ಬಂದು ಇದನ್ನು ಬದಲಿಸುತ್ತಿರಬಹುದು. ಹಬ್‌ನ ಲಾಗ್‌ಬುಕ್ ತೆರೆದರೆ ಯಾವ ಆಟೋಮೇಷನ್ ಕೈ ಹಾಕಿತು ಎಂದು ಸಮಯದ ಸಮೇತ ಕಾಣುತ್ತದೆ. ಲಾಗ್‌ಬುಕ್‌ನಲ್ಲಿ ಯಾರ ಹೆಸರೂ ಇಲ್ಲದೆ ಅಂಕಿ ಬದಲಾಗಿದ್ದರೆ ಥರ್ಮೋಸ್ಟಾಟ್‌ನ ಸ್ವಂತ ವೇಳಾಪಟ್ಟಿ, ಮನೆಯಲ್ಲಿ ಯಾರೂ ಇಲ್ಲ ಎಂದುಕೊಳ್ಳುವ ಅವೇ ಮೋಡ್, ಅಥವಾ ವಿದ್ಯುತ್ ಕಂಪನಿಯ ಉಳಿತಾಯ ಯೋಜನೆ. ಈ ಕೊನೆಯದು ಹಲವರಿಗೆ ನೆನಪೇ ಇರುವುದಿಲ್ಲ. 2021ರ ಜೂನ್ ಸೆಖೆಯಲ್ಲಿ ಟೆಕ್ಸಸ್‌ನ ಕೆಲವು ಮನೆಗಳ ಥರ್ಮೋಸ್ಟಾಟ್‌ಗಳು ದೂರದಿಂದಲೇ ಏರಿಸಲ್ಪಟ್ಟು ಸುದ್ದಿಯಾಗಿತ್ತು. ತಾವು ಯೋಜನೆಗೆ ಸೇರಿದ್ದು ಕೆಲವರಿಗೆ ಗೊತ್ತೇ ಇರಲಿಲ್ಲ. ಆಪ್‌ನಲ್ಲಿ ಅಂಥ ಯೋಜನೆಗೆ ಒಪ್ಪಿದ್ದೀರಾ ನೋಡಿ. ಬೇಡವಾದರೆ ಹೊರಬರಬಹುದು.

ಲಕ್ಷಣ: ಒಂದು ಹೆಸರು ಬೂದು ಬಣ್ಣಕ್ಕೆ ತಿರುಗಿದೆ

ಗೋಡೆಯ ಡಬ್ಬಿ ಕೆಲಸ ಮಾಡುತ್ತಿದೆಯೇ? ಮಾಡುತ್ತಿದ್ದರೆ ವೈಫೈ ನೋಡಿ, ರೂಟರ್ ಪಾಸ್‌ವರ್ಡ್ ಇತ್ತೀಚೆಗೆ ಬದಲಾಯಿತೇ ನೋಡಿ. ಗೂಗಲ್‌ನ ಹಳೆಯ ನೆಸ್ಟ್ ಥರ್ಮೋಸ್ಟಾಟ್ ಇದ್ದವರಿಗೆ ಬೇರೆ ಕಾರಣ ಇದೆ. 2011ರ ಮೊದಲ ತಲೆಮಾರಿನ ಮತ್ತು 2012ರ ಎರಡನೇ ತಲೆಮಾರಿನ ನೆಸ್ಟ್ ಲರ್ನಿಂಗ್ ಥರ್ಮೋಸ್ಟಾಟ್‌ಗಳಿಗೆ ಗೂಗಲ್ 2025ರ ಅಕ್ಟೋಬರ್ 25ರಂದು ಆಪ್ ಸಂಪರ್ಕ ನಿಲ್ಲಿಸಿತು. ಗೋಡೆಯಲ್ಲಿ ಕೈಯಿಂದ ತಿರುಗಿಸಿದರೆ ಅವು ಓಡುತ್ತವೆ, ಆಪ್‌ನಿಂದ ಕರೆದರೆ ಬರುವುದಿಲ್ಲ. ಹಬ್‌ನಲ್ಲಿ ಅದರ ಹೆಸರು ಉಳಿದಿದ್ದರೆ ಅಳಿಸಿ, ಇಲ್ಲದಿದ್ದರೆ ಹೊಸದಕ್ಕೆ ಅಂಡರ್‌ಸ್ಕೋರ್ 2 ಗಂಟುಬೀಳುತ್ತದೆ.

ಬೆಂಗಳೂರಿನ ಮನೆಗಳಲ್ಲಿ

ಅಲ್ಲಿ ಥರ್ಮೋಸ್ಟಾಟ್ ಬದಲು ಕೋಣೆಗೊಂದು ಸ್ಪ್ಲಿಟ್ ಎಸಿ. ಆಪ್‌ನಲ್ಲಿ ಎಸಿ, ಎಸಿ 1, ಎಸಿ 2. ಗೊಂದಲ ಅದೇ, 61-62-63ರ ಪರೀಕ್ಷೆಯೂ ಅದೇ, ಅಂಕಿ ಮಾತ್ರ ಸೆಲ್ಸಿಯಸ್‌ನಲ್ಲಿ 24, 25, 26. ರಿಮೋಟ್ ಸಿಗ್ನಲ್ ಕಳಿಸುವ ಐಆರ್ ಡಬ್ಬಿ ಬಳಸುತ್ತಿದ್ದರೆ ಇನ್ನೊಂದು ವಿಷಯ ಗಮನಿಸಿ. ಒಂದೇ ಕಂಪನಿಯ ಎರಡು ಎಸಿ ಆ ಡಬ್ಬಿಯ ಕಣ್ಣಳತೆಯಲ್ಲಿದ್ದರೆ ಎರಡೂ ಒಂದೇ ಸಿಗ್ನಲ್‌ಗೆ ಓಗೊಡುತ್ತವೆ. ಅಲ್ಲಿ ಹೆಸರು ಬದಲಿಸಿ ಉಪಯೋಗವಿಲ್ಲ, ಡಬ್ಬಿಯನ್ನು ಒಂದೇ ಎಸಿ ಕಾಣುವ ಮೂಲೆಗೆ ಸರಿಸಬೇಕು.

ಟೆಕ್ನಿಷಿಯನ್ ಕರೆಯುವ ಹೊತ್ತು

ಟಿಶ್ಯೂ ಪರೀಕ್ಷೆಯಲ್ಲಿ ಯಾವ ಮಹಡಿಯಲ್ಲೂ ಗಾಳಿ ಬರದಿದ್ದರೆ, ಡ್ಯಾಂಪರ್ ಮೋಟಾರ್ ಗುರುಗುಟ್ಟುತ್ತಲೇ ಇದ್ದರೆ, ಬ್ರೇಕರ್ ಮತ್ತೆ ಮತ್ತೆ ಬಿದ್ದರೆ, ಹೊಸ ಫ್ಯೂಸ್ ಹಾಕಿದ ಕೂಡಲೇ ಹೋದರೆ, ಅಥವಾ ಸುಟ್ಟ ವಾಸನೆ ಬಂದರೆ ಮುಂದೆ ನೀವು ಕೈ ಹಾಕಬೇಡಿ. ಫರ್ನೇಸ್ ಸ್ವಿಚ್ ಆಫ್ ಮಾಡಿ ಫೋನ್ ಮಾಡಿ. ಬಂದವರಿಗೆ "ಆಪ್ ಸರಿಯಿಲ್ಲ" ಎನ್ನಬೇಡಿ, ಅವರು ಆಪ್ ನೋಡುವವರಲ್ಲ. "ನೆಲಮಟ್ಟದ್ದನ್ನು ಮಾತ್ರ ಆನ್ ಮಾಡಿದರೆ ಬೇಸ್‌ಮೆಂಟ್ ವೆಂಟ್‌ನಲ್ಲಿ ಗಾಳಿ ಬರುತ್ತದೆ" ಎಂದು ಹೇಳಿ, ನೀವು ಬರೆದ ಹಾಳೆಯನ್ನೂ ತೆಗೆದ ಫೋಟೋವನ್ನೂ ತೋರಿಸಿ. ನಮ್ಮ ಮನೆಗೆ ಬಂದವರು ಅದನ್ನು ನೋಡಿ ನೇರ ಝೋನ್ ಬೋರ್ಡಿನ ಬಳಿಗೇ ಹೋದರು. ಎರಡು ಕಂತೆ ವೈರ್ ಅದಲುಬದಲು ಮಾಡಲು ಹದಿನೈದು ನಿಮಿಷ ಹಿಡಿಯಿತು.

ಅವರು ಹೊರಡುವ ಮುನ್ನ ಬೋರ್ಡಿನ ಒಳಗಡೆ ಪ್ರತಿ ಝೋನಿನ ಪಕ್ಕ ಪೆನ್ನಿನಲ್ಲಿ ಹೆಸರು ಬರೆಸಿಕೊಂಡೆ. ಆಪ್‌ನಲ್ಲಿರುವುದೇ, ಅಕ್ಷರ ಬಿಡದೆ. ಆ ಸಂಜೆ ಗೋಡೆಯ ಮೂರು ಡಬ್ಬಿಗಳ ಕೆಳಗೂ ಅದೇ ಹೆಸರಿನ ಚೀಟಿ ಅಂಟಿಸಿದೆ, ಇಂಗ್ಲಿಷ್‌ನಲ್ಲಿ ಒಂದು ಸಾಲು, ಕನ್ನಡದಲ್ಲಿ ಒಂದು ಸಾಲು. ರಾತ್ರಿ ಮಲಗುವ ಮುಂಚೆ ಅಪ್ಪ ಮೆಟ್ಟಿಲ ಬಳಿ ನಿಂತು ಚೀಟಿ ಓದಿ, ಸ್ಪೀಕರಿಗೆ ನಿಧಾನವಾಗಿ "ಅಪ್‌ಸ್ಟೇರ್ಸ್, 72" ಎಂದರು. ಎರಡು ನಿಮಿಷಕ್ಕೆ ಮೇಲಿನ ವೆಂಟ್‌ನಿಂದ ಬಿಸಿ ಗಾಳಿ ಬಂತು.